ಕಿಲ್ಲಾದ ವಾಡೆಯಲ್ಲಿ ಮೇಲಿನ ಮಹಡಿ

ಕೆಲವರಿಗೆ ಹೊಸ ಚಪ್ಪಲಿ ಕಚ್ಚುತ್ತದೆ, ಕೆಲವರಿಗೆ ಹೊಸ ಬೀಗರು. ನನಗೆ ಕಚ್ಚಿದ್ದು ಮನೆ. ಒಂದು ಸಲ ಕಚ್ಚಿ ಬಿಟ್ಟಿದ್ದರೆ ಮರೆಯುತ್ತಿದ್ದೆ. ಆದರೆ ಆ ಮನೆಯಲ್ಲಿದ್ದಷ್ಟು ದಿನವೂ ಒಂದಿಲ್ಲೊಂದು ನಡೆಯುತ್ತಲೇ ಇತ್ತು. ಈಗ ಹೇಳಿದರೆ ಕೇಳಿದವರು ನಗುತ್ತಾರೆ, ನಾನೂ ನಗುತ್ತೇನೆ. ನನ್ನ ಹೆಂಡತಿ ಮಾತ್ರ ಎದ್ದು ಒಳಗೆ ಹೋಗುತ್ತಾಳೆ.

ನರಿಗಳ ನಡುವೆ

ಎಪ್ಪತ್ತರ ದಶಕದ ಕೊನೆ. ನಾನು ಬಾಗಲಕೋಟೆಯ ಹೈಸ್ಕೂಲೊಂದರಲ್ಲಿ ಗಣಿತದ ಮಾಸ್ತರ. ಸ್ವಂತ ಮನೆಯ ಮಾತು ಬಂದಾಗ ಹೆಂಡತಿ ವಿದ್ಯಾಗಿರಿಯಲ್ಲಿ ಒಂದು ಖಾಲಿ ಜಾಗ ನೋಡಿ ಬಂದಳು. ಎತ್ತರದ ಜಾಗ, ಆಣೆಕಟ್ಟಿನ ನೀರು ಬಂದರೂ ಅಲ್ಲಿಗೆ ಮುಟ್ಟುವುದಿಲ್ಲ ಅಂದಳು. ಆಲಮಟ್ಟಿಯಲ್ಲಿ ಆಣೆಕಟ್ಟು ಏಳುತ್ತಿತ್ತು. ಅದು ತುಂಬಿದರೆ ನಮ್ಮ ಹಳೇ ಊರು ಮುಳುಗುತ್ತದೆ ಅಂತ ಎಲ್ಲರೂ ಎಷ್ಟು ವರ್ಷದಿಂದ ಹೇಳುತ್ತಿದ್ದರೆಂದರೆ, ಆ ಮಾತಿಗೆ ಯಾರೂ ಹೆದರುತ್ತಿರಲಿಲ್ಲ.

ನನ್ನ ಜೀವ ಕಿಲ್ಲಾದ ಮೇಲಿತ್ತು. ಹಳೇ ಕೋಟೆಯ ಓಣಿ, ಸಾವುಕಾರರ ವಾಡೆಗಳು, ಕೆತ್ತನೆಯ ಸಾಗವಾನಿ ಕಂಬಗಳು. ಅಲ್ಲಿ ಇರ್ತೇನಿ ಅಂದರೆ ಸಾಕು, ಎದುರಿಗಿದ್ದವನು ಎರಡನೇ ಕಪ್ಪು ಚಹಾ ಹೇಳುತ್ತಿದ್ದ. ಹತ್ತಿ ವ್ಯಾಪಾರಿಯೊಬ್ಬ ತನ್ನ ವಾಡೆಯನ್ನು ಎರಡು ಪಾಲು ಮಾಡಿ ಮಾರುತ್ತಿದ್ದ. ಕೆಳಗಿನದನ್ನು ಒಬ್ಬ ಅರಿವೆ ಅಂಗಡಿಯವನು ಕೊಂಡಿದ್ದ. ಮೇಲಿನದನ್ನು ನಾನು ಕೊಂಡೆ. ಸಂಜೆಯಾದರೆ ನರಿ ಊಳಿಡುವ ಗುಡ್ಡದಲ್ಲಿ ಮರ್ಯಾದಸ್ಥರು ಮನೆ ಕಟ್ಟುತ್ತಾರೇನು ಅಂತ ಹೆಂಡತಿಯ ಬಾಯಿ ಮುಚ್ಚಿಸಿದೆ.

ಕಾಗದಕ್ಕೆ ಸಹಿ ಬಿದ್ದ ಮೇಲೆ, ಇಂಥ ಅರಮನೆ ಬಿಟ್ಟು ಎಲ್ಲಿಗೆ ಹೋಗುತ್ತೀರಿ ಅಂತ ವ್ಯಾಪಾರಿಯನ್ನು ಕೇಳಿದೆ. ವಿದ್ಯಾಗಿರಿಯಲ್ಲಿ ಒಂದು ಜಾಗ ಸಿಕ್ಕಿದೆ ಅಂದ. ವಿಚಾರಿಸಿದರೆ ನನ್ನ ಹೆಂಡತಿ ನೋಡಿ ಬಂದ ಜಾಗವೇ ಅದು. ದಾರಿಯುದ್ದಕ್ಕೂ ನಾನು ಆ ಮನುಷ್ಯನಿಗಾಗಿ ಮರುಗುತ್ತ ಬಂದೆ.

ಗಣಿತ

ಮನೆ ಹೊಕ್ಕ ವಾರದಲ್ಲೇ ಹೆಂಡತಿ ನೀರಿನ ಮಾತು ಮತ್ತೆ ತೆಗೆದಳು. ನಾನು ಹಾಳೆಯ ಮೇಲೆ ವಾಡೆಯ ಚಿತ್ರ ಬರೆದು ಸಾಲಿಯ ಹುಡುಗರಿಗೆ ಹೇಳುವಂತೆ ಹೇಳಿದೆ. ನೀರು ಬಂದರೆ ಮೊದಲು ಕೆಳಗಿನವರಿಗೆ ಬರುತ್ತದೆ. ಅವರು ಮೇಲೆ ಬಂದು ನಮಗೆ ಹೇಳುತ್ತಾರೆ. ಆಗ ನಾವು ನಿಧಾನಕ್ಕೆ ಗಂಟುಮೂಟೆ ಕಟ್ಟಬಹುದು.

ಆಕೆ ಚಿತ್ರದ ಮೆಟ್ಟಿಲ ಮೇಲೆ ಬೆರಳಿಟ್ಟಳು. "ಕಟ್ಟಿಕೊಂಡು ಯಾ ಕಡೆಯಿಂದ ಇಳೀತೀರಿ?" ಅಂದಳು.

ನಾನು ಕಂಬದ ಕೆತ್ತನೆಯ ಬಗ್ಗೆ ಹೇಳತೊಡಗಿದೆ.

ಮಾವನವರ ಮಾತು

ಮನೆ ನೋಡಲು ಕಮತಗಿಯಿಂದ ಮಾವನವರು ಬಂದರು. ಹೊಲದ ಮನುಷ್ಯ, ಮಾತು ಕಡಿಮೆ. ಕಂಬ ತೋರಿಸಿದೆ, ಹೂಂ ಅಂದರು. ತೊಲೆ ತೋರಿಸಿದೆ, ಅದಕ್ಕೂ ಹೂಂ. ಕಡೆಗೆ ಮೇಲೆ ಬಯಲು ಮಾಳಿಗೆಗೆ ಕರೆದೊಯ್ದು ಘಟಪ್ರಭೆಯನ್ನು ತೋರಿಸಿ, ಇಲ್ಲಿ ನಿಂತು ಹೊಳೆ ನೋಡುವುದೇ ಒಂದು ಭಾಗ್ಯ ಅಂದೆ.

ಅವರು ಹೊಳೆ ನೋಡಿದರು, ನನ್ನ ಮುಖ ನೋಡಿದರು. "ನೀವ ಅಷ್ಟ ನೋಡಾಕ ಹತ್ತಿಲ್ರಿ," ಅಂದರು. "ಅದೂ ನಿಮ್ಮನ್ನ ನೋಡಾಕ ಹತ್ತೇತಿ."

ಹನ್ನೆರಡು ಮೆಟ್ಟಿಲು

ನನ್ನ ಮನೆಗೆ ಏರುವ ಮೆಟ್ಟಿಲು ಅರಿವೆ ಅಂಗಡಿಯವನ ಅಂಗಳದಲ್ಲಿತ್ತು. ಮಳೆಗಾಲದಲ್ಲಿ ಅವನು ಇಳಕಲ್ ಸೀರೆಯ ಗಂಟುಗಳನ್ನು ಅದರ ಮೇಲೆ ಇಡುತ್ತಿದ್ದ. ಒಂದು ದಿನ ನಾನು ಎಡವಿದೆ. ಮೆಟ್ಟಿಲು ಹತ್ತುವವನು ನಾನು, ಹೀಗಾಗಿ ಅದು ನನ್ನದು ಅಂದೆ. ಅದು ನಿಂತಿರುವುದು ನನ್ನ ನೆಲದ ಮೇಲೆ ಅಂತ ಅವನಂದ. ಅವತ್ತಿನಿಂದ ಮಾತು ನಿಂತಿತು.

ನಮ್ಮಿಬ್ಬರ ಹೆಂಡಂದಿರು ಅದೇ ಮೆಟ್ಟಿಲ ಮೇಲೆ ಕೂತು ಪಲ್ಯ, ಚಟ್ನಿ ಬದಲು ಮಾಡಿಕೊಳ್ಳುತ್ತಿದ್ದರು. ಸಂದೇಶವೂ ಅವರ ಕೈಯಲ್ಲೇ ಬರುತ್ತಿತ್ತು. ಮೇಲಿನ ಆರು ಮೆಟ್ಟಿಲು ಮಾಸ್ತರರವು, ಕೆಳಗಿನ ಆರು ನನ್ನವು ಅಂತ ಅವನು ರಾಜಿ ಹೇಳಿ ಕಳಿಸಿದ. ಹಾಗಾದರೆ ನಾನು ಮೇಲೆ ಹೋಗುವುದು ಹೇಗೆ ಅಂತ ಕೇಳಿ ಕಳಿಸಿದೆ. ಉತ್ತರ ಒಂದು ವಾಟಗ ಬದನೆಕಾಯಿ ಪಲ್ಯದ ಜೊತೆ ಬಂತು: "ಹಾರಲಿ."

ಅವನ ಮಗಳ ಮದುವೆ ಅದೇ ಅಂಗಳದಲ್ಲಿ ಆಯಿತು. ಹೆಂಡತಿ ಎರಡು ದಿನ ಮೊದಲೇ ಇಳಿದು ಹೋಳಿಗೆಗೆ ಕಣಕ ನಾದಿದಳು. ನಾನು ಮೇಲೆ, ಕಂಬದ ಹಿಂದೆ ನಿಂತು ನೋಡಿದೆ. ನಮ್ಮ ಮನೆಗೆ ಬಂದು ನನ್ನ ಹತ್ತಿರ ಲೆಕ್ಕ ಹೇಳಿಸಿಕೊಂಡ ಹುಡುಗಿ ಅದು. ಅಕ್ಷತೆ ಹಾಕುವ ಹೊತ್ತಿಗೆ ತಲೆ ಎತ್ತಿ ಮೇಲೆ ನೋಡಿತು. ಇಳಿದು ಹೋಗಿದ್ದರೆ ಹನ್ನೆರಡೇ ಮೆಟ್ಟಿಲು. ಹೋಗಲಿಲ್ಲ. ಒಣರೊಟ್ಟಿ ಮುರಿದು ತಿಂದೆ, ಹೋಳಿಗೆಯ ವಾಸನೆಯನ್ನೇ ಹಚ್ಚಿಕೊಂಡು.

ಗೆರೆ

ಎಂಬತ್ತರ ದಶಕದ ನಡುವೆ ಒಂದು ಮಧ್ಯಾಹ್ನ ಅಳತೆಯವರು ಇಬ್ಬರು ಬಂದರು. ಮೂರು ಕಾಲಿನ ದುರ್ಬೀನು, ಒಂದು ಡಬ್ಬಿ ಕೆಂಪು ಬಣ್ಣ. ಆಣೆಕಟ್ಟಿನ ನೀರು ಎಲ್ಲಿಯವರೆಗೆ ನಿಲ್ಲುತ್ತದೋ ಅಲ್ಲಿ ಗೋಡೆಗೆ ಗೆರೆ ಎಳೆಯುತ್ತಿದ್ದರು. ನಮ್ಮ ವಾಡೆ ಹೊಳೆಯ ಕಡೆಯ ಇಳಿಜಾರಿನಲ್ಲಿತ್ತು. ಕೆಳಗಿನವನ ಬಾಗಿಲಿಗೆ ಒಂದು ನಂಬರು ಬರೆದರು, ಗೆರೆ ಎಳೆಯಲಿಲ್ಲ. ನನ್ನ ಹತ್ತಿರ ಬಂದು ಅದೇ ಮಾಡಿದರು. ನನಗೆ ಒಳಗೊಳಗೇ ಸಮಾಧಾನ. ಗೆರೆ ಯಾಕೆ ಎಳೆಯಲಿಲ್ಲ ಅಂತ ಕೇಳಿದೆ.

ಅಳತೆಯವನು ಒಳ್ಳೆಯ ಮನುಷ್ಯ, ನೀರು ಕೇಳಿ ಕುಡಿದು ಮೆಲ್ಲಗೆ ಹೇಳಿದ. "ಎಳ್ಯಾಕ ಗ್ವಾಡಿ ಸಾಲೂದಿಲ್ರಿ ಸರ. ನಿಮ್ಮ ಗೆರಿ ಮಾಳಗಿ ಮ್ಯಾಲೆ, ಗಾಳಿಯಾಗ ಬರತೈತಿ."

ಅವರು ಹೋದ ಮೇಲೆ ನಾನೂ ಕೆಳಗೆ ಹೊರಟೆ. ಮೆಟ್ಟಿಲಿನ ನಡುವೆ ಕೂತುಬಿಟ್ಟೆ. ಅರಿವೆ ಅಂಗಡಿಯವನೂ ಹೊರಗೆ ಬಂದು ಕೆಳಗಿನ ಮೆಟ್ಟಿಲಲ್ಲಿ ಕೂತ. ನಾವು ಮಾತಾಡಿ ಆರು ವರ್ಷವಾಗಿತ್ತು. ಅವನ ತಲೆ ಬೆಳ್ಳಗಾಗಿದ್ದನ್ನು ನಾನು ಅವತ್ತೇ ನೋಡಿದ್ದು. ಅವನು ತಿರುಗಿ ನೋಡದೆ ಕೇಳಿದ.

"ಮಾಸ್ತರ, ನಿಮಗ ಈಸಾಕ ಬರತೈತೇನ್ರಿ?"

ಈಜು ಬರುವುದಿಲ್ಲ ಅಂದೆ.

"ನನಗೂ ಬರೂದಿಲ್ಲ," ಅಂದ. "ಆರ ವರ್ಷ ಸುಮ್ಮನ ಜಗಳಾಡಿದ್ವಿ ನೋಡ್ರಿ. ಅಷ್ಟರಾಗ ಇಬ್ಬರೂ ಕಲೀಬಹುದಿತ್ತು."