ಗುಂಡಿಗೆ ಕಾದ ವೈಸ್‌ರಾಯ್

ಎವಾರಿಸ್ತೊನಿಗೆ ಅವನ ಮೂಗೇ ಮುಳುವಾಯಿತು. ಮಗ್ದಲೇನಾ ನದಿ ದಂಡೆಯ ಆ ಊರಿಗೆ ಸ್ವಾತಂತ್ರ್ಯ ಸಮರದ ಸಿನಿಮಾ ತೆಗೆಯಲು ಬಂದಿದ್ದ ನಿರ್ದೇಶಕ ಬೆಲಿಸಾರಿಯೊ, ಅಂಗಡಿಯಲ್ಲಿ ಮೆಕ್ಕೆಜೋಳದ ಅರೆಪಾ ರೊಟ್ಟಿ ಸುಡುತ್ತಿದ್ದವನ ಗಿಣಿಮೂಗು ಕಂಡದ್ದೇ ಅವನನ್ನು ಸ್ಪೇನಿನ ದುಷ್ಟ ವೈಸ್‌ರಾಯ್ ಮಾಡಿಬಿಟ್ಟ. ಚಿತ್ರೀಕರಣದಲ್ಲಿ ವೈಸ್‌ರಾಯ್ ಊರವರಿಗೆ ಚಾಟಿ ಬೀಸಬೇಕಿತ್ತು. ಒಂದೆರಡು ಏಟು ನಿಜವಾಗಿಯೇ ಬಿದ್ದವು. ಅಂದಿನಿಂದ ಅಂಗಡಿಯತ್ತ ನೊಣವೂ ಸುಳಿಯಲಿಲ್ಲ.

ಇವತ್ತು ವೈಸ್‌ರಾಯನಿಗೆ ಗುಂಡಿಕ್ಕುವ ದೃಶ್ಯ. ಎವಾರಿಸ್ತೊ ಮದುವಣಿಗನಂತೆ ಸಿಂಗರಿಸಿಕೊಂಡ.

"ಚೆನ್ನಾಗಿ ಸಾಯ್ರೀ," ಎಂದು ಹೆಂಡತಿ ಒತಿಲಿಯಾ ಕಾಲರ್ ಸರಿಮಾಡಿದಳು. "ನೀವು ಸತ್ರೆ ತಾನೇ ಊರೋರ ಸಿಟ್ಟು ಇಳಿದು ಅಂಗಡಿಗೆ ಬರೋದು, ನಮ್ಮ ಹೊಟ್ಟೆಪಾಡು ನಡೆಯೋದು!"

ಚೌಕದಲ್ಲಿ ಊರಿಗೆ ಊರೇ ನೆರೆದಿತ್ತು. ಆದರೆ ಕಥಾನಾಯಕನ ಕುದುರೆ ಅವನನ್ನು ಹೊತ್ತುಕೊಂಡೇ ನದಿಗಿಳಿದು ಎಮ್ಮೆಯಂತೆ ಕೂತುಬಿಟ್ಟಿತು. ಅವನನ್ನು ಎಳೆದು ತರುವಷ್ಟರಲ್ಲಿ ಮೀಸೆ ತೇಲಿಹೋಗಿತ್ತು. ಹೊಸ ಮೀಸೆ ಅಂಟಿಸುತ್ತಿದ್ದಾಗ ಫಿರಂಗಿ ತನ್ನಷ್ಟಕ್ಕೆ ಸಿಡಿದು ರಟ್ಟಿನ ಅರಮನೆಗೆ ಬೆಂಕಿ ಬಿತ್ತು. ಹೊಗೆ ಇಳಿದಾಗ ನಿರ್ದೇಶಕ, ನಾಯಕ, ಕ್ಯಾಮೆರಾ ಎಲ್ಲವೂ ದೋಣಿಯಲ್ಲಿದ್ದವು.

"ಸಿನಿಮಾ ನಿಂತೋಯ್ತು!" ಬೆಲಿಸಾರಿಯೊ ದೋಣಿಯಿಂದಲೇ ಕೂಗಿದ.

"ಅಯ್ಯೋ, ನನ್ನನ್ನ ಕೊಂದಾದ್ರೂ ಹೋಗಿ ಸ್ವಾಮೀ!" ಎನ್ನುತ್ತ ಎವಾರಿಸ್ತೊ ದಡದುದ್ದಕ್ಕೂ ಓಡಿದ.

ತಿರುಗಿ ನೋಡಿದರೆ ಊರೆಲ್ಲ ಹಲ್ಲು ಕಡಿಯುತ್ತಿತ್ತು. ಪಕ್ಕದ ಮನೆಯ ಹಸಿಂತಜ್ಜಿ ಸೊಂಟಕ್ಕೆ ಕೈಯಿಟ್ಟು ಮುಂದೆ ಬಂದಳು. "ನಮ್ಮ ಬೆನ್ನಿಗೆ ಬಾರಿಸ್ಬಿಟ್ಟು ನೀನು ಮಾತ್ರ ಬದುಕ್ಕೊಂಡ್ಯೇನೋ?"

"ಸಾಯೋಕೆ ಕ್ಯಾಮೆರಾ ಯಾಕಜ್ಜಿ? ಈಗ್ಲೇ ಸಾಯ್ತೀನಿ, ನೀವೇ ಹೊಡೀರಿ!"

ಸಿನಿಮಾದವರು ಬಿಟ್ಟುಹೋಗಿದ್ದ ಮರದ ಕೋವಿಗಳು ಮೇಲೆದ್ದವು. ಇಡೀ ಊರು ಬಾಯಲ್ಲೇ "ಢಂ!" ಎಂದಿತು. ಎವಾರಿಸ್ತೊ ಎದೆ ಹಿಡಿದ, ತೂರಾಡಿದ, ಇಗರ್ಜಿಯ ಮೆಟ್ಟಿಲ ಮೇಲೆ ಉರುಳಿ, ಒಬ್ಬೊಬ್ಬರ ಹೆಸರು ಹಿಡಿದು ಕ್ಷಮೆ ಬೇಡಿ, ಕಣ್ಣು ಮೇಲೆ ಮಾಡಿದ. ಎಂಥ ಸಾವು! ಹೆಂಗಸರು ಗೊಳೋ ಎಂದರು. ಪಾದ್ರಿಗಳು ತಮಗರಿವಿಲ್ಲದೆ ಅಂತಿಮ ಪ್ರಾರ್ಥನೆಯನ್ನೇ ಹೇಳಿ ಮುಗಿಸಿದರು. ಹಸಿಂತಜ್ಜಿ ಅವನ ರೆಪ್ಪೆ ಮುಚ್ಚಿ, "ಪಾಪ, ಒಳ್ಳೇ ಮನುಷ್ಯ," ಎಂದು ಬಿಕ್ಕಿದಳು.

ಎವಾರಿಸ್ತೊ ಹಿಗ್ಗಿನಿಂದ ಎದ್ದವನೇ ಅಂಗಡಿಗೆ ಓಡಿ ಒಲೆ ಹೊತ್ತಿಸಿದ. ಚೀಸು ತುಂಬಿದ ಅರೆಪಾ ಘಮ್ಮೆಂದಿತು. ಜನ ಬಂದರು. ಆದರೆ ಹೊಸ್ತಿಲಾಚೆಯೇ ನಿಂತರು.

"ಬನ್ನಿ ಅಜ್ಜಿ, ಬಿಸಿಬಿಸಿ ಇದೆ!"

ಹಸಿಂತಜ್ಜಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು ಹಿಂದೆ ಸರಿದಳು.

"ಬೇಜಾರು ಮಾಡ್ಕೋಬೇಡಪ್ಪಾ. ಪಾದ್ರಿಗಳು ಪ್ರಾರ್ಥನೆನೂ ಹೇಳಿ ಆಯ್ತು. ಸತ್ತೋರ ಕೈಯಡುಗೆ ತಿನ್ನೋದು ಹೇಗೆ ಹೇಳು?"