ತೆವಳದ ರಕ್ತಕಣಗಳೂ ನನ್ನ ತನಿಖೆಯೂ

ನನಗೆ ಯಾರ ಮೇಲೂ ಸುಮ್ಮನೆ ಅನುಮಾನ ಬರುವುದಿಲ್ಲ. ಸಾಕ್ಷಿ ಸಿಕ್ಕಿದರೆ ಮಾತ್ರ ಬರುತ್ತದೆ. ಸಾಕ್ಷಿಯನ್ನು ನಾನೇ ಹುಡುಕುತ್ತೇನೆ, ಅಷ್ಟೇ.

ಕೊಪ್ಪದ ಕಾಲೇಜೊಂದರಲ್ಲಿ ನಾನು ಅತಿಥಿ ಉಪನ್ಯಾಸಕಿ. ಮುಂದಿನ ವರ್ಷವೂ ನನ್ನನ್ನು ಇಟ್ಟುಕೊಳ್ಳಬೇಕೇ ಎಂಬುದು, ಪ್ರಿನ್ಸಿಪಾಲರ ಮುಂದೆ ನಾನು ಮಾಡಿ ತೋರಿಸಲಿದ್ದ ಪ್ರಯೋಗದ ಮೇಲೆ ನಿಂತಿತ್ತು. ವಿಷಯ ಸರಳ. ಗಾಯವಾದ ಕಡೆಗೆ ಬಿಳಿ ರಕ್ತಕಣಗಳು ತೆವಳಿಕೊಂಡು ಹೋಗುತ್ತವೆ. ತೆವಳಲು ಹಿಡಿತ ಬೇಕು. ಅದನ್ನು ಕೊಡುವುದು ಜೀವಕೋಶಗಳ ಹೊರಗೆ ಬಲೆಯಂತೆ ಹರಡಿರುವ ಫೈಬ್ರೊನೆಕ್ಟಿನ್‌ನಂಥ ಪ್ರೋಟೀನುಗಳು. ಕಣಗಳು ಜಾರುವಂತೆ ಸಿದ್ಧಪಡಿಸಿದ ಎರಡು ಗಾಜುಗಳಲ್ಲಿ ಒಂದಕ್ಕೆ ಮಾತ್ರ ಆ ಪ್ರೋಟೀನು ಲೇಪಿಸಿದೆ. ಅದರ ಮೇಲೆ ಕಣಗಳು ತೆವಳಬೇಕು, ಇನ್ನೊಂದರ ಮೇಲೆ ತೆವಳಬಾರದು.

ಲ್ಯಾಬಿನ ಅಟೆಂಡರ್ ಶೇಷಪ್ಪನವರಿಗೆ ಕಂಡದ್ದನ್ನೆಲ್ಲ ತೊಳೆಯುವ ಚಟ. ಹಾಗಾಗಿ ಗಾಜುಗಳನ್ನು ಡಬ್ಬಿಯಲ್ಲಿಟ್ಟು, ಟೇಪು ಸುತ್ತಿ, ಅದರ ಮೇಲೆ ಸಹಿ ಹಾಕಿದೆ. ಸಂಜೆ ತೆರೆದು ನೋಡಿದರೆ ಒಂದು ಗಾಜಿನ ಮೇಲೆ ಮಸುಕು ಕಲೆ! ಯಾರದೋ ಬೆರಳಚ್ಚು! ಹತ್ತಿಗೆ ಸ್ಪಿರಿಟ್ ಹಾಕಿ ಚೆನ್ನಾಗಿ ಉಜ್ಜಿ ತೆಗೆದು, ಮತ್ತೆ ಟೇಪು ಸುತ್ತಿ, ಮತ್ತೆ ಸಹಿ ಹಾಕಿದೆ.

ಮರುದಿನ ಕೊಪ್ಪದ ಹತ್ತಿರದ ನಮ್ಮೂರು ನಾರ್ವೆಯ ಒದ್ದೆ ಹುಲ್ಲಿನ ಕಾಲುದಾರಿಯಲ್ಲಿ ಓಡಿ ಬಸ್ಸು ಹಿಡಿದು ಬಂದೆ. ಶೇಷಪ್ಪನವರು ನನ್ನ ಮುಖ ನೋಡಲಿಲ್ಲ. ನೆಲವನ್ನೇ ನೋಡುತ್ತಿದ್ದರು.

"ಮೇಡಂ, ಒಂದ್ ವಿಷ್ಯ ಹೇಳ್ಬೇಕಿತ್ತು..."

"ಎಲ್ಲ ಮುಗಿದ ಮೇಲೆ ಹೇಳಿ." ತಪ್ಪೊಪ್ಪಿಗೆಗೂ ಒಂದು ಸಮಯವಿದೆ!

ಹಲ್ಲು ಕಚ್ಚಿ ಬೆರಳಿಗೆ ಸೂಜಿ ಚುಚ್ಚಿಕೊಂಡೆ. ನನ್ನದೇ ರಕ್ತದ ಕಣಗಳನ್ನು ಎರಡೂ ಗಾಜಿನ ಮೇಲೆ ಬಿಟ್ಟೆ. ಪ್ರಿನ್ಸಿಪಾಲರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಹತ್ತು ನಿಮಿಷವಾಯಿತು. ಅರ್ಧ ಗಂಟೆಯಾಯಿತು.

"ಎಂತ ಮೇಡಂ, ಒಂದೂ ತೆವಳ್ತಾ ಇಲ್ವಲ್ಲ!"

"ಸರ್, ಶೇಷಪ್ಪನವರು ಗಾಜು ತೊಳೆದಿದ್ದಾರೆ. ಬೆಳಗಿನಿಂದ ತಲೆ ಎತ್ತಿಲ್ಲ, ನೋಡಿ."

"ಅಯ್ಯೋ ಮಾರಾಯ್ರೆ!" ಎಂದರು ಶೇಷಪ್ಪನವರು. "ನಿನ್ನೆ ನೀವೇ ಸ್ಪಿರಿಟ್ ಹಾಕಿ ಗಸಗಸ ತಿಕ್ಕಿದ್ರಲ್ಲ? ಆ ಕಲೆ ನೀವೇ ಹಚ್ಚಿದ್ದಲ್ವಾ ಅಂತ ಕೇಳಕ್ಕೆ ಬಂದ್ರೆ, ಡಬ್ಬಿ ಹತ್ರ ಬರ್ಬೇಡಿ ಅಂದ್ರಿ."

ಬೆರಳಚ್ಚೆಂದು ನಾನು ಉಜ್ಜಿ ತೆಗೆದದ್ದು ನನ್ನದೇ ಪ್ರೋಟೀನಿನ ಲೇಪ! ಆದರೂ ತನಿಖೆ ಬಿಡಲಿಲ್ಲ. "ಮತ್ತೆ ನೆಲ ನೋಡ್ತಿದ್ದದ್ದು ಯಾಕೆ?"

"ನೆಲ ಅಲ್ಲ ಮೇಡಂ, ನಿಮ್ ಕಾಲು. ಇಂಬಳ ಹತ್ತಿದೆ."

ಬಗ್ಗಿ ನೋಡಿದೆ. ಹಿಮ್ಮಡಿಯ ಮೇಲೆ ರಕ್ತ ಕುಡಿದು ದ್ರಾಕ್ಷಿಯಷ್ಟಾಗಿದ್ದ ಆ ಜಿಗಣೆ ಪಟ್ಟನೆ ನೆಲಕ್ಕೆ ಬಿತ್ತು. ಮುಂದಿನ ತುದಿ ಊರಿ, ಹಿಂದಿನದನ್ನು ಎಳೆದುಕೊಂಡು, ಗಂಭೀರವಾಗಿ ತೆವಳತೊಡಗಿತು.

ಪ್ರಿನ್ಸಿಪಾಲರು ಅದರ ಹಿಂದೆಯೇ ಕುಕ್ಕರಗಾಲಲ್ಲಿ ಹೋದರು. "ಓಹೋ, ಹಿಡಿತ ಸಿಕ್ಕಿದ್ರೆ ಹೀಗೆ ತೆವಳ್ತವೆ ಅಂತಲ್ವಾ ನೀವು ಹೇಳಿದ್ದು? ಈಗ ಅರ್ಥ ಆಯ್ತು. ಮುಂದಿನ ವರ್ಷವೂ ಬನ್ನಿ. ಒರೆಸೋ ಕೆಲಸ ಮಾತ್ರ ಶೇಷಪ್ಪಂಗೆ ಬಿಡಿ."

ಹೀಗೆ ಕೆಲಸ ಉಳಿಯಿತು. ನಾನು ಸೂಜಿ ಚುಚ್ಚಿಕೊಂಡು ತೆಗೆದ ರಕ್ತ ಏನನ್ನೂ ತೋರಿಸಲಿಲ್ಲ. ಕೇಳದೆ ಕುಡಿದು ಹೋದದ್ದೇ ನನ್ನ ಪಾಠ ಮುಗಿಸಿಕೊಟ್ಟಿತು!