ಐದು ಗಜದ ದಂಡ

ಕಿವುಡ ಎನ್ನಿಸಿಕೊಳ್ಳುವುದಕ್ಕಿಂತ ಅವಸರಗಾರ ಎನ್ನಿಸಿಕೊಳ್ಳುವುದು ಮೇಲು ಎಂದು ನಂಬಿ ಎರಡು ವರ್ಷ ಕಳೆದವನು ನಾನು. ಎಡಗಿವಿ ಮಂದವಾದದ್ದು ನನಗೆ ಗೊತ್ತಿತ್ತು. ಹೆಂಡತಿ ಲವೀನಾ, "ಒಮ್ಮೆ ಡಾಕ್ಟ್ರಿಗೆ ತೋರ್ಸಿ ಮಾರಾಯ್ರೆ" ಎನ್ನುತ್ತಲೇ ಇದ್ದಳು. ಆದರೆ ಜೆಬೆಲ್ ಅಲಿ ಬಂದರಿನ ಗೋದಾಮಿನ ಸೂಪರ್‌ವೈಸರನಾದ ನನಗೆ ಕಿವಿ ಕೇಳುವುದಿಲ್ಲವೆಂದು ಕಂಪನಿಗೆ ತಿಳಿದರೆ ಕೆಲಸ ಹೋಗುತ್ತದೆ, ಅದರ ಹಿಂದೆ ವೀಸಾವೂ ಹೋಗುತ್ತದೆ ಎಂಬ ಹೆದರಿಕೆ. ಜನರ ತುಟಿ ನೋಡಿ, ಅಂದಾಜಿನ ಮೇಲೆ ಉತ್ತರ ಕೊಟ್ಟು ದಿನ ತಳ್ಳುತ್ತಿದ್ದೆ.

ಈ ಅಂದಾಜು ಅಮೆರಿಕನ್ ಫುಟ್‌ಬಾಲಿನಲ್ಲಿ ನಡೆಯಲಿಲ್ಲ. ಕಂಪನಿಯ ತಂಡಕ್ಕೆ ನನ್ನನ್ನು ಸೇರಿಸಿಕೊಂಡದ್ದೇ ತೂಕ ನೋಡಿ. ಮುಂದಿನ ಸಾಲಿನಲ್ಲಿ ಬಗ್ಗಿ ನಿಂತು ಎದುರಾಳಿಯನ್ನು ತಡೆಯಬೇಕು, ಅಷ್ಟೇ. ಆದರೆ ನಡುವಿನವನು ಚೆಂಡನ್ನು ಕಾಲಸಂದಿಯಿಂದ ಹಿಂದಕ್ಕೆ ಕೊಡುವ ತನಕ ಕಲ್ಲಿನಂತೆ ನಿಲ್ಲಬೇಕು. ಅಲುಗಿದರೆ ಇಡೀ ತಂಡ ಐದು ಗಜ ಹಿಂದಕ್ಕೆ. ತನ್ನ ಎಷ್ಟನೇ ಕೂಗಿಗೆ ಚೆಂಡು ಬರುತ್ತದೆಂದು ನಾಯಕ ಹರೀಶ ಮೊದಲೇ ನಮಗೆಲ್ಲ ಪಿಸುಗುಟ್ಟುತ್ತಿದ್ದ. ಅದು ನನಗೆ ಕೇಳಿದ್ದರೆ ತಾನೆ! ಅಬುಧಾಬಿಯ ತಂಡದೊಡನೆ ನಡೆದ ಪಂದ್ಯದ ಕೊನೆಯಲ್ಲಿ, ಅಂಕದ ಗೆರೆ ದಾಟಲು ಮೂರೇ ಗಜ ಬಾಕಿ ಇದ್ದಾಗ, ನಾನು ಮೂರು ಸಲ ಮೊದಲೇ ನುಗ್ಗಿದೆ. ಮೂರು ಗಜ ಹದಿನೆಂಟಾಯಿತು. ಸೋತೆವು.

ಮರಳುವ ಬಸ್ಸಿನಲ್ಲಿ ಯಾರೂ ಬೈಯಲಿಲ್ಲ. ಬೈದರೋ ಏನೋ, ನನಗಂತೂ ಕೇಳಲಿಲ್ಲ. ಎಡಗಡೆ ಕೂತಿದ್ದ ಹರೀಶ ಎದ್ದು, ನನ್ನನ್ನು ದಾಟಿ, ಬಲಗಡೆ ಬಂದು ಕೂತ.

"ವಾಲ್ಟರಣ್ಣ, ಆಗಿಂದ ಕರೀತಾ ಇದ್ದೇನೆ. ಎಡದ ಕಿವಿ ಕೇಳುದಿಲ್ವಾ?"

"ಹಾಗೆಂತ ಇಲ್ಲ ಮಾರಾಯ, ಸ್ವಲ್ಪ ಅವಸರ ಆಯ್ತು."

"ನಾಳೆ ಗೋದಾಮಿನಲ್ಲಿ ಆ ಕಡೆಯಿಂದ ಫೋರ್ಕ್‌ಲಿಫ್ಟ್ ಬಂದ್ರೆ? ಅಲ್ಲಿ ಐದು ಗಜದ ದಂಡ ಅಲ್ಲ ಅಣ್ಣ."

ಹಿಂದಿನ ವಾರವಷ್ಟೇ ಸರಕು ಎತ್ತುವ ಅಂಥ ಒಂದು ಫೋರ್ಕ್‌ಲಿಫ್ಟ್ ನನ್ನ ಅಂಗಿಯನ್ನು ಸವರಿಕೊಂಡು ಹೋಗಿತ್ತು. ಮನೆಯಲ್ಲೂ ಹೇಳದ ಆ ಮಾತನ್ನು ಅವನಿಗೆ ಹೇಳಿಬಿಟ್ಟೆ.

ಹರೀಶನೇ ನನ್ನನ್ನು ಕರಾಮ ಬಡಾವಣೆಯ ಕಿವಿ ಡಾಕ್ಟರ ಹತ್ತಿರ ಕರೆದೊಯ್ದ, ಮ್ಯಾನೇಜರ ಎದುರೂ ಜೊತೆಗೆ ನಿಂತ. ಕೆಲಸ ಹೋಗಲಿಲ್ಲ, ಗೋದಾಮಿನಿಂದ ಕಚೇರಿಯ ಮೇಜಿಗೆ ಬದಲಾಯಿತು. ಕಿವಿಗೆ ಯಂತ್ರ ಬಂತು. ಆಟದಲ್ಲಿ ಕೂಗಿನ ಗೊಡವೆ ಬಿಟ್ಟು ಚೆಂಡನ್ನೇ ನೋಡುವುದನ್ನು ಕಲಿತೆ, ತಂಡದಲ್ಲೂ ಉಳಿದೆ.

ಯಂತ್ರ ಹಾಕಿಕೊಂಡು ಮನೆಗೆ ಬಂದ ದಿನ ಲವೀನಾ ಚಹಾ ಕೊಡುತ್ತಾ, "ಮುಂದಿನ ವಾರ ತಮ್ಮ ಬರ್ತಾನೆ, ಹೆಂಡತಿ ಮಕ್ಕಳ ಜೊತೆ. ಒಂದು ತಿಂಗ್ಳು ಇರ್ತಾರೆ" ಎಂದಳು.

"ನನ್ನ ಹತ್ರ ಕೇಳ್ಲೇ ಇಲ್ವಲ್ಲ!"

"ಕೇಳಿದ್ದೆ. ನೀವು ಹೂಂ ಅಂದಿದ್ರಿ."

"ಯಾವಾಗ?"

"ನಿಮ್ಮ ಎಡಗಡೆ ಕೂತಿದ್ದಾಗ."

ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು. ಆದರೂ ನಾನು "ಆಂ?" ಎಂದೆ.